ಕೊಬ್ಬಿನ ಹಾರ್ಮೋನುಗಳು ಮತ್ತು ಯಕೃತ್ತಿನ ಮುಪ್ಪು

ಕೊಬ್ಬಿನ ಅಂಗಾಂಶ ತಯಾರಿಸಿ ರಕ್ತಕ್ಕೆ ಬಿಡುವ, ದೂರದ ಅಂಗಗಳ ಕೆಲಸವನ್ನು ಏರಿಳಿಸುವ ಪ್ರೋಟೀನುಗಳನ್ನು ಅಡಿಪೋಕೈನುಗಳು ಎನ್ನುತ್ತಾರೆ. ಲೆಪ್ಟಿನ್, ಅಡಿಪೊನೆಕ್ಟಿನ್, ರೆಸಿಸ್ಟಿನ್, ಆಸ್ಪ್ರೋಸಿನ್ ಇವುಗಳಲ್ಲಿ ಹೆಸರಾದವು. ಮಿದುಳು, ಸ್ನಾಯು, ಹೃದಯಗಳ ಮೇಲೂ ಇವುಗಳ ಪ್ರಭಾವವಿದೆ. ಆದರೂ ಯಕೃತ್ತಿನ ಜೊತೆಗಿನ ನಂಟು ವಿಶೇಷವಾದದ್ದು. ದೇಹಕ್ಕೆ ಹೊತ್ತುಹೊತ್ತಿಗೆ ಬೇಕಾದ ಸಕ್ಕರೆ ಮತ್ತು ಕೊಬ್ಬನ್ನು ಒದಗಿಸುವುದು ಯಕೃತ್ತು. ಹೆಚ್ಚಾದದ್ದನ್ನು ಕೂಡಿಡುವುದು ಕೊಬ್ಬಿನ ಅಂಗಾಂಶ. ಒಂದರ ಸ್ಥಿತಿ ಇನ್ನೊಂದಕ್ಕೆ ತಿಳಿಯದಿದ್ದರೆ ಎರಡೂ ಕೆಡುತ್ತವೆ. ಅಂಗರಚನೆಯೂ ಇದಕ್ಕೆ ಅನುವಾಗಿದೆ. ಯಕೃತ್ತಿಗೆ ಹರಿಯುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಸಿರೆಯ ಮೂಲಕ ಕರುಳಿನ ಕಡೆಯಿಂದ ಬರುತ್ತದೆ. ಹಾಗಾಗಿ ಕರುಳನ್ನು ಸುತ್ತಿಕೊಂಡ ಕೊಬ್ಬು ಬಿಟ್ಟದ್ದು ಮೊದಲು ತಲುಪುವುದು ಯಕೃತ್ತನ್ನೇ.

ಯಕೃತ್ತಿನ ಮುಪ್ಪು ಯಕೃತ್ತಿನೊಳಗೆ ಮಾತ್ರ ಹುಟ್ಟುವುದಿಲ್ಲ. ಕೊಬ್ಬಿನಿಂದ ಬರುವ ಸಂದೇಶಗಳು ಅದನ್ನು ಬೇಗ ತರಬಲ್ಲವು, ತಡವಾಗಿಸಲೂ ಬಲ್ಲವು. ಇಲ್ಲಿ ಮುಖ್ಯವಾಗುವುದು ಮೈಯಲ್ಲಿರುವ ಕೊಬ್ಬಿನ ತೂಕಕ್ಕಿಂತ ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದು. ಈ ಲೇಖನದಲ್ಲಿ ಬರುವ ಪ್ರಯೋಗಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ತೋರಿಸುತ್ತವೆ.

ಸಂಶೋಧನೆಯ ಹಾದಿ

1949ರಲ್ಲಿ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ, ತಿಂದಷ್ಟೂ ಹಸಿವು ತೀರದೆ ವಿಪರೀತ ದಪ್ಪಗಾಗುವ ಇಲಿಯ ತಳಿಯೊಂದು ಕಾಣಿಸಿಕೊಂಡಿತು. ಅದನ್ನು ‘ಓಬಿ’ ಎಂದು ಕರೆದರು. 1966ರಲ್ಲಿ ಅಲ್ಲಿಂದಲೇ ‘ಡಿಬಿ’ ಎಂಬ ಇನ್ನೊಂದು ತಳಿಯ ವರದಿ ಬಂತು. ನೋಡಲು ಓಬಿಯಂತೆಯೇ ಇದ್ದ ಈ ಇಲಿಗಳಿಗೆ ತೀವ್ರ ಮಧುಮೇಹವೂ ಇತ್ತು. ಅಲ್ಲಿನ ವಿಜ್ಞಾನಿ ಡಗ್ಲಸ್ ಕೋಲ್‌ಮನ್ ಎರಡು ಇಲಿಗಳ ಪಕ್ಕೆಯ ಚರ್ಮವನ್ನು ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಇಲಿಯ ಜೊತೆ ಸೇರಿಸಿದ ಸಾಮಾನ್ಯ ಇಲಿ ಊಟ ಬಿಟ್ಟಿತು. ಅದರ ರಕ್ತದ ಸಕ್ಕರೆ ಇಳಿಯಿತು, ಯಕೃತ್ತಿನಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಬರಿದಾಯಿತು, ಕೊನೆಗೆ ಉಪವಾಸದಿಂದ ಸತ್ತಿತು. ಪಕ್ಕದಲ್ಲೇ ಇದ್ದ ಡಿಬಿ ಇಲಿ ಮಾತ್ರ ತಿನ್ನುತ್ತಲೇ ಇತ್ತು. ಓಬಿ ಇಲಿಯನ್ನು ಸಾಮಾನ್ಯ ಇಲಿಯ ಜೊತೆ ಸೇರಿಸಿದಾಗ ಓಬಿಯ ಊಟ ಕಡಿಮೆಯಾಗಿ ತೂಕ ಇಳಿಯಿತು. ಕೋಲ್‌ಮನ್ ತೀರ್ಮಾನ ಸ್ಪಷ್ಟವಾಗಿತ್ತು: ಹಸಿವನ್ನು ತಗ್ಗಿಸುವ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತಿದೆ, ಓಬಿಗೆ ಅದನ್ನು ತಯಾರಿಸಲು ಬಾರದು, ಡಿಬಿಗೆ ಅದನ್ನು ಗುರುತಿಸಲು ಬಾರದು.

ಆ ವಸ್ತು ಕೈಗೆ ಸಿಗಲು 1994ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಓಬಿ ಜೀನನ್ನು ಬೇರ್ಪಡಿಸಿತು. ಅದು ಕೊಬ್ಬಿನ ಕೋಶಗಳಲ್ಲಿ ಕೆಲಸ ಮಾಡುವ ಜೀನು. ಅದರಿಂದ ಹುಟ್ಟುವ ಹಾರ್ಮೋನೇ ಲೆಪ್ಟಿನ್. ಕೋಲ್‌ಮನ್ ಮತ್ತು ಫ್ರೀಡ್‌ಮನ್ ಇಬ್ಬರಿಗೂ 2010ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ಲೆಪ್ಟಿನ್ ಸಿಗುವುದಕ್ಕೆ ಒಂದು ವರ್ಷ ಮೊದಲೇ, 1993ರಲ್ಲಿ, ಬೊಜ್ಜಿನ ಇಲಿಗಳ ಕೊಬ್ಬು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನನ್ನು ಬಿಡುತ್ತದೆಂದೂ ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆಂದೂ ಗೋಖನ್ ಹೊಟಾಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ತೋರಿಸಿದ್ದರು. 1995ರಲ್ಲಿ ಹಾರ್ವಿ ಲೋಡಿಶ್ ಪ್ರಯೋಗಾಲಯದಲ್ಲಿ ಫಿಲಿಪ್ ಶೆರರ್ ಅಡಿಪೊನೆಕ್ಟಿನ್ನನ್ನು ಗುರುತಿಸಿದರು. ಮರುವರ್ಷವೇ ಜಪಾನಿನ ಸಂಶೋಧಕರೂ ತಮ್ಮದೇ ಹಾದಿಯಲ್ಲಿ ಅದನ್ನು ತಲುಪಿದರು. ಹೀಗೆ ಮೂರು ನಾಲ್ಕು ವರ್ಷಗಳೊಳಗೆ, ಬರಿಯ ಉಗ್ರಾಣವೆಂದು ತಿಳಿದಿದ್ದ ಕೊಬ್ಬು ಒಂದು ಗ್ರಂಥಿಯ ಸ್ಥಾನ ಪಡೆಯಿತು.

ಕೊಬ್ಬಿಲ್ಲದ ಇಲಿ, ಅತಿ ದಪ್ಪನೆಯ ಇಲಿ

ಕೊಬ್ಬು ಯಕೃತ್ತಿಗೆ ಶತ್ರುವೆಂಬ ಭಾವನೆ ಜನರಲ್ಲಿ ಬಲವಾಗಿದೆ. ಅದನ್ನು ತಿದ್ದಲು ಎರಡು ಇಲಿಗಳ ಕಥೆ ಸಾಕು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬಿಳಿ ಕೊಬ್ಬು ಬೆಳೆಯದಂತೆ ಮಾಡಿದ ಇಲಿಗಳನ್ನು ಸಾಕಿದ್ದರು. ಕೊಬ್ಬೇ ಇಲ್ಲದ ಮೇಲೆ ಆರೋಗ್ಯವಾಗಿರಬೇಕಿತ್ತು. ಆದರೆ ಅವಕ್ಕೆ ತೀವ್ರ ಮಧುಮೇಹ ಬಂತು. ಯಕೃತ್ತು ಊದಿ, ಒಳಗೆಲ್ಲ ಕೊಬ್ಬು ತುಂಬಿಕೊಂಡಿತ್ತು. 2000ದಲ್ಲಿ ಮಾರ್ಕ್ ರೀಟ್‌ಮನ್ ತಂಡ ಆರೋಗ್ಯವಂತ ಇಲಿಯ ಕೊಬ್ಬಿನ ತುಣುಕುಗಳನ್ನು ಇವುಗಳ ಚರ್ಮದಡಿ ನೆಟ್ಟಿತು. ಸಕ್ಕರೆ ಹತೋಟಿಗೆ ಬಂತು, ಯಕೃತ್ತಿನ ಕೊಬ್ಬು ಇಳಿಯಿತು. ಮುಂದೆ ಲೆಪ್ಟಿನ್ ತಯಾರಿಸಲಾಗದ ಓಬಿ ಇಲಿಯ ಕೊಬ್ಬನ್ನು ನೆಟ್ಟು ನೋಡಿದಾಗ ಆ ಗುಣ ಕಾಣಲಿಲ್ಲ. ಅಂದರೆ ಕೊಬ್ಬು ಜಾಗ ಒದಗಿಸಿದರಷ್ಟೇ ಸಾಲದು, ಹಾರ್ಮೋನನ್ನೂ ಕಳಿಸಬೇಕು. ಮೈಯಲ್ಲಿ ಕೊಬ್ಬೇ ನಿಲ್ಲದ ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯ ರೋಗಿಗಳಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗಲೂ ಹೀಗೇ ಆಯಿತು: ಸಕ್ಕರೆ, ಟ್ರೈಗ್ಲಿಸರೈಡ್ ಎರಡೂ ಇಳಿದು ಯಕೃತ್ತಿನ ಗಾತ್ರ ಕುಗ್ಗಿತು. 2002ರಲ್ಲಿ ಪ್ರಕಟವಾದ ಈ ಫಲಿತಾಂಶ ಅಡಿಪೋಕೈನ್ ಚಿಕಿತ್ಸೆಯ ಮೊದಲ ದೊಡ್ಡ ಗೆಲುವು.

ಎರಡನೆಯ ಇಲಿ ಇದಕ್ಕೆ ತದ್ವಿರುದ್ಧ. 2007ರಲ್ಲಿ ಶೆರರ್ ತಂಡ ಓಬಿ ಇಲಿಗಳ ರಕ್ತದಲ್ಲಿ ಅಡಿಪೊನೆಕ್ಟಿನ್ ಹೆಚ್ಚಿರುವಂತೆ ಮಾಡಿತು. ಅವು ಮೊದಲಿಗಿಂತಲೂ ದಪ್ಪಗಾದವು. ಆದರೆ ಸಕ್ಕರೆ ಸರಿಹೋಯಿತು, ಯಕೃತ್ತಿನ ಕೊಬ್ಬು ಕರಗಿತು. ಚರ್ಮದಡಿಯ ಕೊಬ್ಬು ಹಿಗ್ಗಿ, ಯಕೃತ್ತಿಗೆ ಸೇರುತ್ತಿದ್ದದ್ದನ್ನು ತನ್ನಲ್ಲೇ ಉಳಿಸಿಕೊಂಡಿತ್ತು. ಕೊಬ್ಬಿನ ಅಂಗಾಂಶ ಒಂದು ಕಣಜ. ಒಳಗೆ ಜಾಗವಿರುವ ತನಕ ಮನೆ ಚೊಕ್ಕಟ, ತುಂಬಿ ತುಳುಕಿದರೆ ಕಾಳು ಕಂಡಲ್ಲೆಲ್ಲ ಚೆಲ್ಲುತ್ತದೆ.

ಯಕೃತ್ತಿನ ಕೋಶದೊಳಗೆ

ಯಕೃತ್ತಿನ ಮುಖ್ಯ ಕೋಶ ಹೆಪಟೊಸೈಟ್. ಆರೋಗ್ಯವಾಗಿರುವಾಗ ಸೂಕ್ಷ್ಮದರ್ಶಕದಲ್ಲಿ ಅದು ಬಹುಭುಜದ ಆಕಾರದಲ್ಲಿ, ನಡುವೆ ದುಂಡನೆಯ ಕೋಶಕೇಂದ್ರದೊಡನೆ ಕಾಣುತ್ತದೆ. ಕೊಬ್ಬು ತುಂಬಿದ ಕೋಶದಲ್ಲಿ ಒಂದು ದೊಡ್ಡ ಖಾಲಿ ವೃತ್ತ ಎದ್ದು ಕಾಣುತ್ತದೆ. ಕೋಶಕೇಂದ್ರ ಅಂಚಿಗೆ ಒತ್ತರಿಸಲ್ಪಟ್ಟು ಉಂಗುರದ ಹರಳಿನಂತೆ ಕೂತಿರುತ್ತದೆ. ಆ ವೃತ್ತದಲ್ಲಿ ಇದ್ದದ್ದು ಕೊಬ್ಬಿನ ಹನಿ. ಗಾಜಿನ ಮೇಲೆ ಮಾದರಿ ತಯಾರಿಸುವಾಗ ಕರಗಿಹೋಗಿ ಜಾಗ ಮಾತ್ರ ಉಳಿದಿರುತ್ತದೆ. ನೂರರಲ್ಲಿ ಐದಕ್ಕಿಂತ ಹೆಚ್ಚು ಕೋಶಗಳು ಹೀಗಾದರೆ ಅದು ಕೊಬ್ಬಿನ ಯಕೃತ್ತು, ಆಡುಮಾತಿನಲ್ಲಿ ಫ್ಯಾಟಿ ಲಿವರ್. ಈ ಕೊಬ್ಬೆಲ್ಲ ಊಟದ ಎಣ್ಣೆ, ತುಪ್ಪಗಳಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. 2005ರಲ್ಲಿ ರೋಗಿಗಳಲ್ಲಿ ಗುರುತು ಹಚ್ಚಿದ ಅಣುಗಳ ಮೂಲಕ ಅಳೆದಾಗ ಸುಮಾರು ಶೇ. 59ರಷ್ಟು ಮೈಯ ಕೊಬ್ಬಿನ ಅಂಗಾಂಶದಿಂದಲೇ ಹರಿದು ಬಂದಿತ್ತು, ಶೇ. 26ರಷ್ಟನ್ನು ಯಕೃತ್ತೇ ಮುಖ್ಯವಾಗಿ ಸಕ್ಕರೆಯಿಂದ ತಯಾರಿಸಿಕೊಂಡಿತ್ತು. ಊಟದ ಕೊಬ್ಬಿನ ಪಾಲು ಶೇ. 15 ಮಾತ್ರ.

ಈ ಹರಿವನ್ನು ಹತೋಟಿಯಲ್ಲಿಡುವವುಗಳಲ್ಲಿ ಅಡಿಪೊನೆಕ್ಟಿನ್ ಮುಖ್ಯ. ಲೆಪ್ಟಿನ್ ರಕ್ತದಲ್ಲಿ ನ್ಯಾನೊಗ್ರಾಮ್ ಲೆಕ್ಕದಲ್ಲಿದ್ದರೆ ಅಡಿಪೊನೆಕ್ಟಿನ್ ಮಿಲಿಲೀಟರಿಗೆ 5ರಿಂದ 30 ಮೈಕ್ರೊಗ್ರಾಮ್ ಇರುತ್ತದೆ, ಅಂದರೆ ಸಾವಿರ ಪಟ್ಟಿನ ಮಾತು. ಬೊಜ್ಜು ಹೆಚ್ಚಿದಂತೆ ಲೆಪ್ಟಿನ್ ಏರಿದರೆ ಅಡಿಪೊನೆಕ್ಟಿನ್ ಇಳಿಯುತ್ತದೆ. ಟೋಕಿಯೊ ವಿಶ್ವವಿದ್ಯಾಲಯದ ತೊಶಿಮಾಸ ಯಮೌಚಿ ಮತ್ತು ತಕಾಶಿ ಕಡೊವಾಕಿ 2003ರಲ್ಲಿ ಅದರ ಎರಡು ಗ್ರಾಹಿಗಳನ್ನು ಕಂಡುಹಿಡಿದರು. ಎರಡನೆಯದು ಯಕೃತ್ತಿನಲ್ಲಿ ಹೇರಳವಾಗಿದೆ. ಹಾರ್ಮೋನು ಗ್ರಾಹಿಗೆ ಅಂಟಿದೊಡನೆ ಕೋಶದೊಳಗೆ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಹೊಸ ಸಕ್ಕರೆಯ ತಯಾರಿ ನಿಧಾನವಾಗುತ್ತದೆ, ಹೊಸ ಕೊಬ್ಬಿನ ತಯಾರಿ ನಿಲ್ಲುತ್ತದೆ, ಇದ್ದ ಕೊಬ್ಬು ಮೈಟೊಕಾಂಡ್ರಿಯಾಗಳಲ್ಲಿ ಉರಿಯತೊಡಗುತ್ತದೆ. ಇದೇ ಎಎಂಪಿಕೆ ಕೋಶ ತನ್ನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವ ಶುದ್ಧೀಕರಣವನ್ನೂ ಚುರುಕುಗೊಳಿಸುತ್ತದೆ. ಮುಪ್ಪಿನ ವಿಚಾರದಲ್ಲಿ ಇದು ಸಣ್ಣ ಸಂಗತಿಯಲ್ಲ. ವಯಸ್ಸಾದ ಯಕೃತ್ತಿನಲ್ಲಿ ಈ ಶುದ್ಧೀಕರಣ ಕುಂಠಿತವಾಗುತ್ತದೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಆನಾ ಮರಿಯಾ ಕುವೆರ್ವೊ 2008ರಲ್ಲಿ ಮುದಿ ಇಲಿಗಳ ಯಕೃತ್ತಿನಲ್ಲಿ ಅದರ ಒಂದು ಬಗೆಯನ್ನು ಮತ್ತೆ ಚಾಲೂ ಮಾಡಿದಾಗ ಆ ಯಕೃತ್ತಿನ ಕಾರ್ಯ ಸುಧಾರಿಸಿತು.

ಅಡಿಪೊನೆಕ್ಟಿನ್ ಗ್ರಾಹಿಗಳಿಗೆ ಇನ್ನೊಂದು ಕೆಲಸವೂ ಇದೆ. ಸೆರಮೈಡ್ ಎಂಬ ಕೊಬ್ಬಿನ ಜಾತಿಯ ಅಣು ಕೋಶದಲ್ಲಿ ಹೆಚ್ಚಾದರೆ ಇನ್ಸುಲಿನ್ ಸಂಕೇತ ಮಂಕಾಗುತ್ತದೆ, ಕೋಶ ಸಾಯಲೂಬಹುದು. ಈ ಗ್ರಾಹಿಗಳು ಸೆರಮೈಡನ್ನು ಒಡೆಯಲು ನೆರವಾಗುತ್ತವೆ.

ಲೆಪ್ಟಿನ್ನಿನ ನಡೆ ಇಷ್ಟು ಸರಳವಲ್ಲ. ಹೆಚ್ಚಾಗಿ ಅದು ಮಿದುಳಿನ ಮೂಲಕವೇ ಯಕೃತ್ತನ್ನು ಹದದಲ್ಲಿಡುತ್ತದೆ. ಬೊಜ್ಜಿದ್ದವರಲ್ಲಿ ಲೆಪ್ಟಿನ್ ಬೇಕಾದಷ್ಟಿದ್ದರೂ ಮಿದುಳು ಅದಕ್ಕೆ ಸ್ಪಂದಿಸುವುದನ್ನು ಬಿಟ್ಟಿರುತ್ತದೆ. ಅದೇ ಲೆಪ್ಟಿನ್ ಯಕೃತ್ತಿನ ಸ್ಟೆಲೇಟ್ ಕೋಶಗಳನ್ನು, ಅಂದರೆ ಸಾಮಾನ್ಯವಾಗಿ ಎ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುವ ಕೋಶಗಳನ್ನು, ಕೆರಳಿಸಿ ನಾರು ಕಟ್ಟುವಂತೆ ಮಾಡುತ್ತದೆ. ಲೆಪ್ಟಿನ್ ಇಲ್ಲದ ಓಬಿ ಇಲಿಯ ಯಕೃತ್ತು ಕೊಬ್ಬಿನಿಂದ ತುಂಬಿದ್ದರೂ ಸುಲಭವಾಗಿ ನಾರುಗಟ್ಟುವುದಿಲ್ಲ. ಅಡಿಪೊನೆಕ್ಟಿನ್ ಇದಕ್ಕೆ ವಿರುದ್ಧವಾಗಿ ಸ್ಟೆಲೇಟ್ ಕೋಶಗಳನ್ನು ತಣ್ಣಗಿಡುತ್ತದೆ. ಯಕೃತ್ತು ಪೂರ್ತಿ ನಾರುಗಟ್ಟುವ ಸಿರೋಸಿಸ್ ಕಡೆಗಿನ ದಾರಿಯಲ್ಲಿ ಈ ಎರಡರ ಅನುಪಾತಕ್ಕೆ ಬೆಲೆಯಿದೆ. 2001ರಲ್ಲಿ ಹೆಸರು ಪಡೆದ ರೆಸಿಸ್ಟಿನ್ ಇಲಿಗಳ ಯಕೃತ್ತಿನಿಂದ ಸಕ್ಕರೆ ಹೆಚ್ಚು ಹೊರಬರುವಂತೆ ಮಾಡುತ್ತದೆ. ಮನುಷ್ಯರಲ್ಲಿ ಅದು ಬರುವುದು ಮುಖ್ಯವಾಗಿ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳಿಂದ.

ಮುಪ್ಪು ಬಂದಾಗ

ವಯಸ್ಸಾದಂತೆ ಕೈಕಾಲು, ಕೆನ್ನೆಗಳ ಚರ್ಮದಡಿಯ ಕೊಬ್ಬು ಸವೆದು ಹೊಟ್ಟೆಯೊಳಗಿನ ಕೊಬ್ಬು ಬೆಳೆಯುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಈ ಸ್ಥಳಾಂತರ ಜೋರಾಗುತ್ತದೆ. ಕೊಬ್ಬಿನಲ್ಲಿ ವಿಭಜನೆ ನಿಲ್ಲಿಸಿದರೂ ಸಾಯದ ಮುದಿ ಕೋಶಗಳು ಕೂಡಿಕೊಳ್ಳುತ್ತವೆ. ಇವು ಸುಮ್ಮನಿರುವುದಿಲ್ಲ, ಐಎಲ್-6, ಟಿಎನ್‌ಎಫ್-ಆಲ್ಫಾ, ಪಿಎಐ-1 ಮುಂತಾದ ಉರಿಯೂತದ ಪ್ರೋಟೀನುಗಳನ್ನು ಬಿಡುತ್ತಾ ನೆರೆಯ ಕೋಶಗಳನ್ನೂ ಕೆಡಿಸುತ್ತವೆ. ಹೊಸ ಕೊಬ್ಬಿನ ಕೋಶಗಳು ಬೆಳೆಯುವುದು ಕುಂಠಿತವಾಗುತ್ತದೆ. ಕೂಡಿಡಲಾಗದ ಕೊಬ್ಬಿನಾಮ್ಲ ಯಕೃತ್ತಿಗೆ ಹರಿಯುತ್ತದೆ.

ಅಲ್ಲಿ ಯಕೃತ್ತೂ ಬದಲಾಗಿರುತ್ತದೆ. ಗಾತ್ರ ಮತ್ತು ರಕ್ತದ ಹರಿವು ಕುಗ್ಗಿರುತ್ತವೆ. ರಕ್ತನಾಳದ ಒಳಪದರದ ಸಣ್ಣ ರಂಧ್ರಗಳು ಕಡಿಮೆಯಾಗಿ ಪದರ ದಪ್ಪಗಾಗಿರುತ್ತದೆ. ಕೋಶಗಳಲ್ಲಿ ಲಿಪೊಫ್ಯುಸಿನ್ ಎಂಬ ಕಂದುಬಣ್ಣದ ಕಸ ಕಾಣಿಸಿಕೊಳ್ಳುತ್ತದೆ. ಔಷಧಗಳನ್ನು ಸಂಸ್ಕರಿಸುವ ಶಕ್ತಿ, ಗಾಯಗೊಂಡಾಗ ಮತ್ತೆ ಬೆಳೆಯುವ ವೇಗ ಎರಡೂ ಇಳಿದಿರುತ್ತವೆ.

ಕೊಬ್ಬಿಗೂ ಯಕೃತ್ತಿನ ವಯಸ್ಸಿಗೂ ಇರುವ ನಂಟನ್ನು ಅಂಕಿಯಲ್ಲಿ ತೋರಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀವ್ ಹೊರ್ವಾತ್. ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳಿಂದ ಅಂಗಾಂಶದ ಜೈವಿಕ ವಯಸ್ಸನ್ನು ಅಂದಾಜು ಮಾಡುವ ವಿಧಾನ ಅವರದು. ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 10 ಏರಿದರೆ ಯಕೃತ್ತಿನ ವಯಸ್ಸು 3.3 ವರ್ಷ ಮುಂದೆ ಹೋಗಿರುತ್ತದೆ ಎಂದು 2014ರಲ್ಲಿ ಅವರ ತಂಡ ಪ್ರಕಟಿಸಿತು. ಇನ್ನೂ ಗಮನಿಸಬೇಕಾದ್ದೆಂದರೆ, ಶಸ್ತ್ರಚಿಕಿತ್ಸೆಯಿಂದ ತೂಕ ಬೇಗ ಇಳಿಸಿಕೊಂಡವರಲ್ಲಿ ಕೆಲವೇ ತಿಂಗಳಲ್ಲಿ ಈ ಗಡಿಯಾರ ಹಿಂದಕ್ಕೆ ಬರಲಿಲ್ಲ. ಯಕೃತ್ತಿನ ಕೊಬ್ಬು ಕರಗಿಸುವುದು ಸುಲಭ, ಅದು ಬಿಟ್ಟುಹೋದ ಗುರುತನ್ನು ಅಳಿಸುವುದು ಕಷ್ಟ.

ಕೋಶದ ಮುಪ್ಪೇ ಕೊಬ್ಬಿಗೆ ಕಾರಣವಾಗುವುದೂ ಉಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್ ಮತ್ತು ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು 2017ರಲ್ಲಿ ತೋರಿಸಿದಂತೆ, ಮುದಿಯಾದ ಹೆಪಟೊಸೈಟಿನ ಮೈಟೊಕಾಂಡ್ರಿಯಾಗಳಿಗೆ ಕೊಬ್ಬನ್ನು ಉರಿಸುವ ಶಕ್ತಿ ಉಳಿಯುವುದಿಲ್ಲ. ಅಂಥ ಕೋಶಗಳನ್ನು ಔಷಧದಿಂದ ತೊಲಗಿಸಿದಾಗ ಇಲಿಗಳ ಯಕೃತ್ತಿನ ಕೊಬ್ಬು ಇಳಿಯಿತು. ಕೊಬ್ಬು ಮುಪ್ಪನ್ನು ತರುತ್ತದೆ, ಮುಪ್ಪು ಕೊಬ್ಬನ್ನು ತರುತ್ತದೆ. ಎಲ್ಲಿ ಮೊದಲಾಯಿತೆಂದು ಒಬ್ಬ ರೋಗಿಯಲ್ಲಿ ಹೇಳುವುದು ಕಷ್ಟ.

ಆಸ್ಪ್ರೋಸಿನ್

ಈ ಸಾಲಿನಲ್ಲಿ ತಡವಾಗಿ ಸೇರಿದರೂ ವಿಶೇಷ ಕುತೂಹಲ ಹುಟ್ಟಿಸುವುದು ಆಸ್ಪ್ರೋಸಿನ್. ಹುಟ್ಟುವಾಗಲೇ ಮುದುಕರಂತೆ ಕಾಣುವ ಮಕ್ಕಳ ಅತಿ ಅಪರೂಪದ ಕಾಯಿಲೆಯೊಂದಿದೆ. ಚರ್ಮದಡಿ ಕೊಬ್ಬಿಲ್ಲದ್ದರಿಂದ ಅವರ ಮುಖ ಬತ್ತಿರುತ್ತದೆ, ಮೈ ಸೊರಗಿರುತ್ತದೆ. ಹೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಅತುಲ್ ಚೋಪ್ರಾ ತಂಡ ಇಂಥ ರೋಗಿಗಳ ಜೀನುಗಳನ್ನು ಪರೀಕ್ಷಿಸಿದಾಗ ಫೈಬ್ರಿಲಿನ್ ಎಂಬ ಪ್ರೋಟೀನಿನ ಜೀನಿನ ಕೊನೆಯ ಭಾಗ ಕೆಟ್ಟಿತ್ತು. ಆ ಕೊನೆಯ 140 ಅಮೈನೊ ಆಮ್ಲಗಳ ತುಂಡು ಕತ್ತರಿಸಿಕೊಂಡು ರಕ್ತದಲ್ಲಿ ತಾನೇ ಒಂದು ಹಾರ್ಮೋನಾಗಿ ಓಡಾಡುತ್ತದೆ ಎಂಬುದು 2016ರಲ್ಲಿ ಬೆಳಕಿಗೆ ಬಂತು. ಬಿಳಿ ಕೊಬ್ಬು ಅದನ್ನು ಉಪವಾಸದಲ್ಲಿ ಹೆಚ್ಚು ಬಿಡುತ್ತದೆ. ಯಕೃತ್ತಿಗೆ ತಲುಪಿ ಸಕ್ಕರೆ ಬಿಡುಗಡೆ ಮಾಡಿಸುತ್ತದೆ. ಉಪವಾಸದಲ್ಲಿ ಇದು ಬೇಕಾದ ಕೆಲಸ. ಬೊಜ್ಜಿದ್ದವರಲ್ಲಿ ಹೊಟ್ಟೆ ತುಂಬಿರುವಾಗಲೂ ಅದು ಹೆಚ್ಚೇ ಇರುತ್ತದೆ, ಯಕೃತ್ತು ಬೇಡದ ಸಕ್ಕರೆಯನ್ನು ಹೊರಹಾಕುತ್ತಲೇ ಇರುತ್ತದೆ.

ಕೊಬ್ಬು ಕಳಿಸುವುದು ಪ್ರೋಟೀನುಗಳನ್ನಷ್ಟೇ ಅಲ್ಲ. ಬೋಸ್ಟನ್ನಿನ ಸಿ. ರೊನಾಲ್ಡ್ ಕಾನ್ ತಂಡ 2017ರಲ್ಲಿ ತೋರಿಸಿದಂತೆ ಸೂಕ್ಷ್ಮ ಗುಳ್ಳೆಗಳಲ್ಲಿ ಕಟ್ಟಿ ಕಳಿಸಿದ ಕಿರು ಆರ್‌ಎನ್‌ಎಗಳು ಯಕೃತ್ತನ್ನು ತಲುಪಿ ಅಲ್ಲಿನ ಎಫ್‌ಜಿಎಫ್21 ಜೀನಿನ ಕೆಲಸವನ್ನು ಬದಲಿಸುತ್ತವೆ. ಎಫ್‌ಜಿಎಫ್21 ಯಕೃತ್ತು ಕೊಬ್ಬಿಗೆ ಕಳಿಸುವ ಮರು ಸಂದೇಶ; ಅದು ಬಂದಾಗ ಕೊಬ್ಬು ಅಡಿಪೊನೆಕ್ಟಿನ್ ಹೆಚ್ಚು ತಯಾರಿಸುತ್ತದೆ. ಎಫ್‌ಜಿಎಫ್21 ಹೆಚ್ಚಿಸಿದ ಇಲಿಗಳು ಹೆಚ್ಚು ಕಾಲ ಬದುಕಿದವೆಂದು 2012ರಲ್ಲಿ ಡಲ್ಲಾಸ್‌ನಿಂದ ವರದಿಯಾಯಿತು.

ಆಯುಸ್ಸಿನ ಪ್ರಶ್ನೆ

ಕೊಬ್ಬಿಗೂ ಆಯುಸ್ಸಿಗೂ ನೇರ ಸಂಬಂಧವಿದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷಿ 2003ರದು. ಕೊಬ್ಬಿನ ಕೋಶಗಳಲ್ಲಿ ಮಾತ್ರ ಇನ್ಸುಲಿನ್ ಗ್ರಾಹಿಯನ್ನು ತೆಗೆದ ಇಲಿಗಳು ಹೊಟ್ಟೆ ತುಂಬ ತಿಂದೂ ತೆಳ್ಳಗಿದ್ದವು, ಉಳಿದವುಗಳಿಗಿಂತ ಶೇ. 18ರಷ್ಟು ಹೆಚ್ಚು ಕಾಲ ಬದುಕಿದವು. 2008ರಲ್ಲಿ ನೀರ್ ಬಾರ್ಜಿಲಾಯ್ ತಂಡ ರ‍್ಯಾಟ್ ಜಾತಿಯ ದೊಡ್ಡ ಇಲಿಗಳ ಹೊಟ್ಟೆಯೊಳಗಿನ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಾಗ ಅವುಗಳ ಆಯುಸ್ಸೂ ಹೆಚ್ಚಿತು. ಆದರೆ ಮಿತಾಹಾರದಲ್ಲಿಟ್ಟ ಇಲಿಗಳನ್ನು ಅವು ಸರಿಗಟ್ಟಲಿಲ್ಲ.

ಮನುಷ್ಯರಲ್ಲಿ ಇಂಡಿಯಾನಾ ರಾಜ್ಯದ ಬರ್ನ್ ಊರಿನ ಆಮಿಶ್ ಜನರ ನಿದರ್ಶನ ದೊಡ್ಡದು. ಕೊಬ್ಬು ಮತ್ತು ಮುದಿ ಕೋಶಗಳು ಬಿಡುವ ಪಿಎಐ-1 ಪ್ರೋಟೀನಿನ ಜೀನು ಅಲ್ಲಿನ ಕೆಲವು ಕುಟುಂಬಗಳಲ್ಲಿ ಕೆಟ್ಟಿದೆ. ಅಂಥ ಜೀನಿನ ಒಂದು ಪ್ರತಿ ಇದ್ದವರು ಉಳಿದವರಿಗಿಂತ ಸುಮಾರು 10 ವರ್ಷ ಹೆಚ್ಚು ಬದುಕಿದ್ದರು, ಅವರಲ್ಲಿ ಮಧುಮೇಹವೂ ಕಡಿಮೆ ಇತ್ತೆಂದು 2017ರಲ್ಲಿ ಪ್ರಕಟವಾಯಿತು.

ಅಡಿಪೊನೆಕ್ಟಿನ್ನನ್ನು ದೀರ್ಘಾಯುಸ್ಸಿನ ಹಾರ್ಮೋನು ಎಂದು ಕರೆಯುವ ಉತ್ಸಾಹ ಹಲವರಲ್ಲಿದೆ. ನೂರು ದಾಟಿದವರಲ್ಲಿ ಅದು ಹೆಚ್ಚಿರುವುದು ನಿಜ. ಅದಿಲ್ಲದ ಇಲಿಗಳ ಆಯುಸ್ಸು ಕಡಿಮೆ ಎಂಬುದೂ ನಿಜ. ಆದರೆ ವಯಸ್ಸಾದ, ಅದರಲ್ಲೂ ಹೃದ್ರೋಗವಿರುವ ಜನರಲ್ಲಿ ಅಡಿಪೊನೆಕ್ಟಿನ್ ಹೆಚ್ಚಿದ್ದಷ್ಟೂ ಸಾವಿನ ಪ್ರಮಾಣ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಹೃದಯ ಅಥವಾ ಮೂತ್ರಪಿಂಡ ಸೋತಾಗ ಅದು ಏರುತ್ತದೆ; ರಕ್ತದಿಂದ ಅದನ್ನು ತೆಗೆಯುವ ಕೆಲಸ ಬಹುಪಾಲು ಯಕೃತ್ತಿನದಾದ್ದರಿಂದ ಸಿರೋಸಿಸ್‌ನಲ್ಲೂ ಏರುತ್ತದೆ. ಹಾಗಾಗಿ ಒಂದು ರಕ್ತಪರೀಕ್ಷೆಯ ಅಂಕಿ ನೋಡಿ ಆಯುಸ್ಸು ಹೇಳುವುದು ತಪ್ಪು.

ಭಾರತೀಯರ ದೇಹ

ಈ ವಿಷಯ ನಮಗೆ ಹೆಚ್ಚು ತಟ್ಟುವುದಕ್ಕೆ ಕಾರಣವಿದೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. 2006ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ತೆಳ್ಳಗಿನ, ಆರೋಗ್ಯವಂತ ಭಾರತೀಯ ಮೂಲದ ಗಂಡಸರನ್ನು ಪರೀಕ್ಷಿಸಿದಾಗ ಅವರ ಯಕೃತ್ತಿನಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಕೊಬ್ಬಿತ್ತು. ದಕ್ಷಿಣ ಏಷ್ಯಾದವರ ರಕ್ತದಲ್ಲಿ ಅಡಿಪೊನೆಕ್ಟಿನ್ ಕಡಿಮೆ ಇರುವುದನ್ನೂ ಹಲವು ಅಧ್ಯಯನಗಳು ಕಂಡಿವೆ. ಇದರ ಬೇರು ಬಾಲ್ಯಕ್ಕೂ ಹಿಂದಿನದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಗರದ ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, ಹುಟ್ಟಿದ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿ ಅಳೆದರು. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ತೂಕ, ಎತ್ತರ, ಸ್ನಾಯು ಎಲ್ಲದರಲ್ಲೂ ಚಿಕ್ಕವಾದ ಈ ಮಕ್ಕಳಲ್ಲಿ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಮುಂಡದ ಕೊಬ್ಬಿಗೆ ಒಲವು ನಮಗೆ ಹುಟ್ಟಿನಿಂದಲೇ ಇದೆ.

ಚಿಕಿತ್ಸೆ

ಅಡಿಪೋಕೈನುಗಳಲ್ಲಿ ಔಷಧವಾಗಿ ಬಳಕೆಗೆ ಬಂದಿರುವುದು ಲೆಪ್ಟಿನ್. ಮೆಟ್ರೆಲೆಪ್ಟಿನ್ ಹೆಸರಿನ ಅದರ ಚುಚ್ಚುಮದ್ದಿಗೆ ಅಮೆರಿಕ 2014ರಲ್ಲಿ ಅನುಮತಿ ಕೊಟ್ಟಿತು, ಅದೂ ಲಿಪೊಡಿಸ್ಟ್ರೊಫಿ ರೋಗಿಗಳಿಗಾಗಿ. ಸಾಮಾನ್ಯ ಬೊಜ್ಜಿಗೆ ಅದು ಕೆಲಸ ಮಾಡದು. ಅಡಿಪೊನೆಕ್ಟಿನ್ ಗ್ರಾಹಿಗಳನ್ನು ಚೋದಿಸುವ ಅಡಿಪೊರಾನ್ ಎಂಬ ರಾಸಾಯನಿಕ 2013ರಲ್ಲಿ ಡಿಬಿ ಇಲಿಗಳ ಆಯುಸ್ಸನ್ನು ಹೆಚ್ಚಿಸಿತು. ಹಳೆಯ ಮಧುಮೇಹದ ಮಾತ್ರೆ ಪಯೋಗ್ಲಿಟಜೋನ್ ಅಡಿಪೊನೆಕ್ಟಿನ್ನನ್ನು ಏರಿಸಿ ಯಕೃತ್ತಿನ ಕೊಬ್ಬನ್ನು ಇಳಿಸುತ್ತದೆ. ಆದರೆ ತೂಕ ಹೆಚ್ಚಿಸುತ್ತದೆ, ನೀರು ತುಂಬಿಸುತ್ತದೆ, ಆದ್ದರಿಂದ ವೈದ್ಯರ ನಿಗಾ ಇಲ್ಲದೆ ಸಲ್ಲದು. ದೇಹದ ತೂಕವನ್ನು ಶೇ. 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಮತ್ತು ಉರಿಯೂತ ಎರಡೂ ಗಮನಾರ್ಹವಾಗಿ ತಗ್ಗುತ್ತವೆ.

ತೂಕದ ಯಂತ್ರ ಹೇಳುವುದು ಮಾತ್ರ ನಮ್ಮ ಜನರಿಗೆ ಸಾಲದು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ, ತೂಕ ಸರಿಯಿದೆ ಎಂದು ಸುಮ್ಮನಿರದೆ ಸಕ್ಕರೆಯ ಜೊತೆ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.